ಭೂಮಿ ಬಿಸಿಯಾಗಲು ಕಾರಣ ಯಾರ ಅಭ್ಯಾಸ? ನಾವು ಎಲ್ಲಿ ಕೈ ಹಾಕಬೇಕು?

2020ರ ಏಪ್ರಿಲ್ ನೆನಪಿಸಿಕೊಳ್ಳಿ. ಕೊರೊನಾ ಲಾಕ್‌ಡೌನ್ ಇತ್ತು. ವಿಮಾನಗಳು ನೆಲ ಬಿಟ್ಟು ಏಳಲಿಲ್ಲ, ಕಾರುಗಳು ಧೂಳು ಹಿಡಿದು ನಿಂತಿದ್ದವು, ಕಚೇರಿ, ಶಾಲೆ, ಮಾಲು ಎಲ್ಲದಕ್ಕೂ ಬೀಗ. ಜಗತ್ತಿನ ಕೋಟ್ಯಂತರ ಜನ ಓಡಾಟ, ಪ್ರವಾಸ, ಖರೀದಿ ಎಲ್ಲ ಬಿಟ್ಟು ಮನೆಯಲ್ಲಿ ಕೂತರು. ಇಷ್ಟು ಜನ ಇಷ್ಟು ಬೇಗ ತಮ್ಮ ದಿನಚರಿಯನ್ನೇ ಬದಲಿಸಿದ್ದು ಹಿಂದೆಂದೂ ಆಗಿರಲಿಕ್ಕಿಲ್ಲ. ಸರಿ, ಆ ವರ್ಷ ಕಲ್ಲಿದ್ದಲು, ಪೆಟ್ರೋಲು, ಅನಿಲ ಸುಟ್ಟು ಹೊರಬಿದ್ದ ಕಾರ್ಬನ್ ಡೈಆಕ್ಸೈಡ್ ಎಷ್ಟು ಕಡಿಮೆಯಾಯಿತು ಗೊತ್ತಾ? ಸುಮಾರು ಶೇ. 5. ಏಪ್ರಿಲ್‌ನ ಕೆಲವು ದಿನ ಶೇ. 17ರಷ್ಟು ಇಳಿದಿತ್ತು, ನಿಜ. ಆದರೆ ಅದಕ್ಕಿಂತ ಕೆಳಗೆ ಹೋಗಲಿಲ್ಲ. ಮುಂದಿನ ವರ್ಷಕ್ಕೆ ಹೆಚ್ಚುಕಡಿಮೆ ಹಳೆಯ ಮಟ್ಟಕ್ಕೇ ಬಂದುಬಿಟ್ಟಿತು.

ಉಳಿದ ಶೇ. 95 ಎಲ್ಲಿಂದ ಬರುತ್ತಿತ್ತು ಹಾಗಾದರೆ? ನಾವು ಮನೆಯಲ್ಲಿದ್ದರೂ ದೀಪ, ಫ್ಯಾನು, ಫ್ರಿಜ್ಜು ನಡೆಯುತ್ತಿದ್ದವು. ಅವಕ್ಕೆ ಬೇಕಾದ ವಿದ್ಯುತ್ತಿನಲ್ಲಿ ದೊಡ್ಡ ಪಾಲು ಕಲ್ಲಿದ್ದಲು ಮತ್ತು ಅನಿಲದಿಂದಲೇ ಬರುತ್ತಿತ್ತು. ಉಕ್ಕಿನ ಕಾರ್ಖಾನೆಯ ಊದು ಕುಲುಮೆಯನ್ನು ಬೇಕೆಂದಾಗ ಆರಿಸಿ ಬೇಕೆಂದಾಗ ಹೊತ್ತಿಸಲು ಆಗುವುದಿಲ್ಲ. ಸಿಮೆಂಟಿನ ಕಥೆ ಇನ್ನೂ ಕಷ್ಟ: ಸುಣ್ಣದ ಕಲ್ಲನ್ನು ಕಾಯಿಸಿದಾಗ ಆ ಕಲ್ಲಿನ ಒಳಗಿಂದಲೇ ಕಾರ್ಬನ್ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ, ಕಾಯಿಸಲು ಸುಟ್ಟ ಇಂಧನದ ಹೊಗೆ ಬೇರೆ. ರಾಸಾಯನಿಕ ಗೊಬ್ಬರ ತಯಾರಾಗುತ್ತಲೇ ಇತ್ತು. ಸರಕು ಹಡಗುಗಳು ಓಡುತ್ತಲೇ ಇದ್ದವು. ಇದ್ಯಾವುದನ್ನೂ ನೀವಾಗಲಿ ನಾನಾಗಲಿ ಬೆಳಿಗ್ಗೆ ಎದ್ದು 'ಇವತ್ತು ಹೀಗೆ ಮಾಡೋಣ' ಎಂದು ಆರಿಸಿಕೊಂಡಿರಲಿಲ್ಲ.

ಹವಾಮಾನ ಬದಲಾವಣೆ ಅಂದ ಕೂಡಲೇ ನಮ್ಮ ಕಿವಿಗೆ ಬೀಳುವುದು 'ನೀವು ಬದಲಾಗಿ' ಎಂಬ ಉಪದೇಶ. ದೀಪ ಆರಿಸಿ, ಬಟ್ಟೆ ಚೀಲ ಹಿಡಿಯಿರಿ. ಇನ್ನೊಂದು ಕಡೆಯವರು ಹೇಳುವುದು ಇದಕ್ಕೆ ತದ್ವಿರುದ್ಧ: ಒಬ್ಬರಿಂದ ಏನೂ ಆಗಲ್ಲ, ಸರ್ಕಾರ ಮತ್ತು ಕಂಪನಿಗಳು ನೋಡಿಕೊಳ್ಳಲಿ. ಎರಡೂ ನನಗೆ ಅರ್ಧ ಸತ್ಯವಾಗಿ ಕಾಣುತ್ತವೆ. ಈ ಸಮಸ್ಯೆಯ ಬೇರು ಇರುವುದು ನಾವೆಲ್ಲ ಬದುಕುವ ಏರ್ಪಾಡಿನಲ್ಲಿ. ಹಾಗಾಗಿ ನಮ್ಮ ಸ್ವಂತ ಪ್ರಯತ್ನ ಆ ಏರ್ಪಾಡನ್ನು ಎಲ್ಲಿ ಅಲುಗಾಡಿಸುತ್ತದೆ ಎಂದು ನೋಡಿ ಕೈ ಹಾಕಬೇಕು. ಅದಕ್ಕೆ ಮೊದಲು ಬೇರು ಹೇಗೆ ಇಳಿಯಿತು ಎಂದು ತಿಳಿಯಬೇಕಲ್ವಾ?

ವಿಜ್ಞಾನದ ಭಾಗ ಬೇಗ ಮುಗಿಸುತ್ತೇನೆ, ಯಾಕೆಂದರೆ ಅದು ಹೊಸತಲ್ಲ. ಕಾರ್ಬನ್ ಡೈಆಕ್ಸೈಡ್ ತುಂಬಿದ ಗಾಜಿನ ಕೊಳವೆ ಬಿಸಿಲಿನಲ್ಲಿ ಬರೀ ಗಾಳಿ ಇರುವ ಕೊಳವೆಗಿಂತ ಜಾಸ್ತಿ ಕಾಯುತ್ತದೆ ಎಂದು ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ 1856ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. 1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ಈ ಅನಿಲ ಎರಡು ಪಟ್ಟಾದರೆ ಭೂಮಿ ಎಷ್ಟು ಬಿಸಿಯಾಗುತ್ತದೆ ಎಂದು ಕೈಯಲ್ಲೇ ಲೆಕ್ಕ ಹಾಕಿದರು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಅಳತೆ ಶುರು ಮಾಡಿದಾಗ ಗಾಳಿಯ ಪ್ರತಿ 10 ಲಕ್ಷ ಅಣುಗಳಲ್ಲಿ ಸುಮಾರು 315 ಈ ಅನಿಲದ್ದಾಗಿದ್ದವು. ಕೈಗಾರಿಕೆಗಳಿಗೆ ಮುಂಚೆ ಅದು 280ರ ಆಸುಪಾಸಿನಲ್ಲಿತ್ತು. ಈಗ 420 ದಾಟಿದೆ. ಒಮ್ಮೆ ಮೇಲೆ ಹೋದದ್ದರಲ್ಲಿ ಒಂದಷ್ಟು ಭಾಗ ನೂರಾರು ವರ್ಷ, ಸ್ವಲ್ಪ ಭಾಗ ಸಾವಿರಾರು ವರ್ಷ ಅಲ್ಲೇ ಇರುತ್ತದೆ. ಇದು ಸಾಲದ ಲೆಕ್ಕದ ಹಾಗೆ. ಈ ವರ್ಷ ಸ್ವಲ್ಪ ಕಡಿಮೆ ಸಾಲ ಮಾಡಿದೆವು ಎಂದರೆ ಒಟ್ಟು ಸಾಲ ಇಳಿಯಿತು ಎಂದಲ್ಲ, ಅದು ಏರುತ್ತಲೇ ಇದೆ. 2020ರಲ್ಲಿ ಆಗಿದ್ದೂ ಅಷ್ಟೇ.

ಈಗ ಬೇರಿನ ಕಡೆ ಬರೋಣ.

19ನೇ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ಹತ್ತಿ ಗಿರಣಿಗಳಲ್ಲಿ ಬಹಳಷ್ಟು ನದಿ ನೀರಿನ ಚಕ್ರದಿಂದ ನಡೆಯುತ್ತಿದ್ದವು. ನೀರಿಗೆ ದುಡ್ಡಿಲ್ಲ, ಕಲ್ಲಿದ್ದಲಿಗೆ ದುಡ್ಡು ಕೊಡಬೇಕು. ಉಗಿಯಂತ್ರವೇನೋ ಬಂದಿತ್ತು, ಆದರೆ ಅದು ದುಬಾರಿ, ಪದೇಪದೇ ಕೆಡುತ್ತಿತ್ತು. ಹಾಗಿದ್ದೂ ಕೆಲವೇ ದಶಕಗಳಲ್ಲಿ ಗಿರಣಿ ಮಾಲೀಕರು ಉಗಿಗೆ ಬದಲಾದರು. ಯಾಕೆ? ಇದನ್ನು ಆಳವಾಗಿ ನೋಡಿದ ಕೆಲವು ಇತಿಹಾಸಕಾರರ ವಾದ ನನಗೆ ತುಂಬಾ ಮುಖ್ಯ ಅನಿಸುತ್ತದೆ. ನೀರಿನ ರಭಸ ಇರುವ ಜಾಗ ಸಾಮಾನ್ಯವಾಗಿ ಊರಿಂದ ದೂರ. ಅಲ್ಲಿಗೆ ಕಾರ್ಮಿಕರನ್ನು ಕರೆತರಬೇಕು, ಮನೆ ಕಟ್ಟಿಕೊಡಬೇಕು, ಅವರು ಕೆಲಸ ನಿಲ್ಲಿಸಿ ಕೂತರೆ ಬದಲಿ ಜನ ಸಿಗುವುದಿಲ್ಲ. ಉಗಿಯಂತ್ರವನ್ನಾದರೆ ಪಟ್ಟಣದ ನಡುವೆಯೇ ಇಡಬಹುದು, ಕೆಲಸ ಹುಡುಕಿಕೊಂಡು ಬಂದ ಸಾವಿರಾರು ಜನ ಬಾಗಿಲಲ್ಲೇ ಇರುತ್ತಾರೆ. ಕೆಲಸದ ಅವಧಿಯನ್ನು ಕಾನೂನು ಕಡಿಮೆ ಮಾಡಿದಾಗ ನೀರನ್ನು ನಂಬಿದವರಿಗೆ ಬಿಸಿ ತಟ್ಟಿತು, ಯಾಕೆಂದರೆ ಹೊಳೆ ಇಳಿದ ದಿನ ಕಳೆದುಕೊಂಡ ಹೊತ್ತನ್ನು ಇನ್ನೊಂದು ದಿನ ರಾತ್ರಿವರೆಗೆ ದುಡಿಸಿ ತುಂಬಿಸಿಕೊಳ್ಳಲು ಆಗುತ್ತಿರಲಿಲ್ಲ. ಉಗಿಯಂತ್ರವನ್ನು ಮಾತ್ರ ಇನ್ನಷ್ಟು ಜೋರಾಗಿ ಓಡಿಸಬಹುದಿತ್ತು.

ಅಂದರೆ ಕಲ್ಲಿದ್ದಲು ಗೆದ್ದಿದ್ದರಲ್ಲಿ ಅಗ್ಗದ ಶಕ್ತಿಗಿಂತ ದುಡಿಯುವವರ ಮೇಲಿನ ಹಿಡಿತಕ್ಕೆ ದೊಡ್ಡ ಪಾತ್ರ ಇತ್ತು. 'ಮನುಷ್ಯರೆಲ್ಲ ಸೇರಿ ಭೂಮಿ ಕೆಡಿಸಿದರು' ಎಂದು ಸುಲಭವಾಗಿ ಹೇಳುವಾಗ ಇದು ನೆನಪಿಗೆ ಬರಬೇಕು. ಆ ಗಿರಣಿಯಲ್ಲಿ ದಾರ ಕಟ್ಟುತ್ತಿದ್ದ ಹತ್ತು ವರ್ಷದ ಮಗುವೂ ಮನುಷ್ಯನೇ, ಯಂತ್ರ ತಂದ ಮಾಲೀಕನೂ ಮನುಷ್ಯನೇ. ತೀರ್ಮಾನ ಮಾತ್ರ ಒಬ್ಬನದೇ ಆಗಿತ್ತು.

ಅಲ್ಲಿಂದ ಮುಂದೆ ಒಂದರ ಮೇಲೊಂದು ಪದರ ಕೂತಿತು. ಪ್ರತಿಯೊಬ್ಬರೂ ಕಾರಿನಲ್ಲಿ ಓಡಾಡುತ್ತಾರೆ ಎಂದುಕೊಂಡು ನಗರಗಳನ್ನು ಹರಡಿದರು. ಮನೆ ಒಂದು ಕಡೆ, ಕೆಲಸ ಇನ್ನೊಂದು ಕಡೆ, ಶಾಲೆ ಮತ್ತೊಂದು ಕಡೆ. ಬಸ್ಸಿಲ್ಲದ ಬಡಾವಣೆಯಲ್ಲಿ ಇರುವವರು ಗಾಡಿ ತೆಗೆದುಕೊಂಡರೆ ಅದನ್ನು ಅವರ ಆಸೆ ಎನ್ನೋಣವೇ? ರಸ್ತೆ ಅಗಲ ಮಾಡಿದರೆ ಸ್ವಲ್ಪ ದಿನ ಸಲೀಸಾಗುತ್ತದೆ, ಸಲೀಸಾಯಿತೆಂದು ಇನ್ನಷ್ಟು ಗಾಡಿಗಳು ಬರುತ್ತವೆ, ಮತ್ತೆ ಅದೇ ದಟ್ಟಣೆ. ಇವತ್ತು ಕಟ್ಟಿದ ಕಲ್ಲಿದ್ದಲು ವಿದ್ಯುತ್ ಸ್ಥಾವರ ಸುಮಾರು 40 ವರ್ಷ ನಡೆಯುವ ಲೆಕ್ಕದಲ್ಲೇ ಸಾಲ ಪಡೆದಿರುತ್ತದೆ. ನಾಳೆ ಹುಟ್ಟುವ ಮಗು ನಡುವಯಸ್ಸಿಗೆ ಬಂದಾಗ ಯಾವ ವಿದ್ಯುತ್ ಬಳಸುತ್ತದೆ ಎಂಬುದು ಆ ಸಾಲದ ಪತ್ರದಲ್ಲಿ ಈಗಲೇ ಬರೆದಾಗಿದೆ.

ವಸ್ತುಗಳ ವಿಷಯವೂ ಹೀಗೇ. 1924ರಲ್ಲಿ ಜಗತ್ತಿನ ದೊಡ್ಡ ಬಲ್ಬ್ ಕಂಪನಿಗಳು ಜಿನೀವಾದಲ್ಲಿ ಸೇರಿ ಫೀಬಸ್ ಎಂಬ ಕೂಟ ಕಟ್ಟಿಕೊಂಡವು. ಆಗ ಬಲ್ಬುಗಳು 1500ರಿಂದ 2000 ಗಂಟೆ ಉರಿಯುತ್ತಿದ್ದವು. ಅದನ್ನು 1000 ಗಂಟೆಗೆ ಇಳಿಸಬೇಕೆಂದು ಒಪ್ಪಂದ ಮಾಡಿಕೊಂಡವು. ಯಾವುದಾದರೂ ಕಂಪನಿಯ ಬಲ್ಬು ಅದಕ್ಕಿಂತ ಹೆಚ್ಚು ಬಾಳಿದರೆ ದಂಡ! ಎಂಜಿನಿಯರುಗಳು ಕೂತು ಬಲ್ಬು ಬೇಗ ಸಾಯುವ ಹಾಗೆ ಮಾಡುವುದು ಹೇಗೆಂದು ತಲೆಕೆಡಿಸಿಕೊಂಡರು. ಇವತ್ತು ಬ್ಯಾಟರಿ ಬಿಚ್ಚಲಾಗದ ಫೋನು ಕೈಯಲ್ಲಿ ಹಿಡಿದು 'ಜನಕ್ಕೆ ವಸ್ತು ಜೋಪಾನ ಮಾಡೋದೇ ಗೊತ್ತಿಲ್ಲ' ಎನ್ನುವವರಿಗೆ ಈ ಕಥೆ ಹೇಳಬೇಕು.

ಮಾರಾಟ ನಿಲ್ಲಬಾರದು, ಉತ್ಪಾದನೆ ಪ್ರತಿ ವರ್ಷ ಬೆಳೆಯಲೇಬೇಕು ಎಂಬ ಒತ್ತಡ ಈಗ ಎಲ್ಲ ದೇಶಗಳ ಮೇಲೂ ಇದೆ. ದೇಶದ ಒಟ್ಟು ಆದಾಯ ಅಳೆಯುವ ವಿಧಾನವನ್ನು ರೂಪಿಸಿದವರಲ್ಲಿ ಪ್ರಮುಖರಾದ ಸೈಮನ್ ಕುಜ್ನೆಟ್ಸ್ ಅವರೇ 1934ರಲ್ಲಿ ಅಮೆರಿಕದ ಸಂಸತ್ತಿಗೆ ಕೊಟ್ಟ ವರದಿಯಲ್ಲಿ, ಈ ಅಂಕಿಯಿಂದ ಜನರ ಕ್ಷೇಮವನ್ನು ಅಳೆಯಲು ಹೋಗಬೇಡಿ ಎಂದು ಎಚ್ಚರಿಸಿದ್ದರು. ಆ ಮಾತು ಯಾರೂ ಕೇಳಲಿಲ್ಲ. ಕಾಡು ಕಡಿದು ಮಾರಿದರೆ ಲೆಕ್ಕ ಮೇಲೇರುತ್ತದೆ, ಕಾಡು ಹಾಗೇ ನಿಂತಿದ್ದರೆ ಲೆಕ್ಕಕ್ಕೇ ಬರುವುದಿಲ್ಲ.

'ತಂತ್ರಜ್ಞಾನ ಸುಧಾರಿಸಿದರೆ ಎಲ್ಲ ಸರಿಹೋಗುತ್ತದೆ' ಎನ್ನುವವರೂ ಇದ್ದಾರೆ. ತಂತ್ರಜ್ಞಾನ ಖಂಡಿತ ಬೇಕು. ಆದರೆ 1865ರಲ್ಲೇ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಒಂದು ವಿಚಿತ್ರ ಗಮನಿಸಿದ್ದರು. ಕಡಿಮೆ ಕಲ್ಲಿದ್ದಲಿನಲ್ಲಿ ಓಡುವ ಉಗಿಯಂತ್ರ ಬಂದ ಮೇಲೆ ಕಲ್ಲಿದ್ದಲಿನ ಬಳಕೆ ಇಳಿಯಲಿಲ್ಲ, ಏರಿತು. ಖರ್ಚು ಕಡಿಮೆಯಾದ್ದರಿಂದ ಇನ್ನೂ ಹೆಚ್ಚು ಕಡೆ ಯಂತ್ರ ಬಳಸತೊಡಗಿದರು. ಎಲ್ಲ ವಸ್ತುವಿನಲ್ಲೂ ಹೀಗೇ ಆಗುತ್ತದೆ ಎಂದೇನಿಲ್ಲ. ಆದರೆ ಉಳಿತಾಯವನ್ನು ಇನ್ನಷ್ಟು ಬಳಕೆಗೇ ತಿರುಗಿಸುವ ಏರ್ಪಾಡಿನಲ್ಲಿ ಬರೀ ಒಳ್ಳೆಯ ಯಂತ್ರದಿಂದ ಪೂರ್ತಿ ಕೆಲಸ ಆಗುವುದಿಲ್ಲ.

ಇನ್ನು ಯಾರ ಪಾಲು ಎಷ್ಟು ಎಂಬ ಪ್ರಶ್ನೆ. ಇಲ್ಲಿ ಸ್ವಲ್ಪ ನಿಲ್ಲಬೇಕು. 1990ರಿಂದ 2015ರವರೆಗಿನ 25 ವರ್ಷಗಳನ್ನು ಬಡತನದ ವಿರುದ್ಧ ಕೆಲಸ ಮಾಡುವ ಆಕ್ಸ್‌ಫ್ಯಾಮ್ ಮತ್ತು ಸ್ಟಾಕ್‌ಹೋಮ್ ಪರಿಸರ ಸಂಸ್ಥೆ ಸೇರಿ ಲೆಕ್ಕ ಹಾಕಿದವು. ಜಗತ್ತಿನ ಅತಿ ಶ್ರೀಮಂತ ಶೇ. 10 ಜನ ಒಟ್ಟು ಕಾರ್ಬನ್‌ನಲ್ಲಿ ಶೇ. 52ಕ್ಕೆ ಕಾರಣ. ಕೆಳಗಿನ ಅರ್ಧ ಜನ, ಅಂದರೆ ಮುನ್ನೂರು ಕೋಟಿಗೂ ಹೆಚ್ಚು ಮಂದಿ ಸೇರಿ ಬರೀ ಶೇ. 7. ವಿಮಾನದ ಲೆಕ್ಕ ಇನ್ನೂ ಓರೆ: 2018ರ ಬಗ್ಗೆ ನಡೆದ ಒಂದು ಅಧ್ಯಯನದ ಪ್ರಕಾರ ಪ್ರಯಾಣಿಕ ವಿಮಾನಗಳ ಹೊಗೆಯಲ್ಲಿ ಅರ್ಧದಷ್ಟು ಜಗತ್ತಿನ ಶೇ. 1 ಜನರದ್ದು. ಆ ವರ್ಷ ಹತ್ತರಲ್ಲಿ ಒಂಬತ್ತು ಜನ ಹೆಚ್ಚುಕಡಿಮೆ ವಿಮಾನ ಹತ್ತೇ ಇರಲಿಲ್ಲ.

ದೇಶಗಳ ನಡುವೆಯೂ ಅದೇ ಕಥೆ. ಇದುವರೆಗೆ ಸುಟ್ಟ ಇಂಧನದಿಂದ ಬಂದ ಕಾರ್ಬನ್‌ನಲ್ಲಿ ಸುಮಾರು ಕಾಲು ಭಾಗ ಅಮೆರಿಕದ್ದೇ. ಇಡೀ ಆಫ್ರಿಕಾ ಖಂಡದ್ದು ಶೇ. 3ರ ಆಸುಪಾಸು. ಈಗಲೂ ವರ್ಷಕ್ಕೆ ತಲಾ ಲೆಕ್ಕ ನೋಡಿದರೆ ಅಮೆರಿಕದ ಒಬ್ಬರದು ಸುಮಾರು 14 ಟನ್, ಚೀನಾದವರದು 8ಕ್ಕೂ ಹೆಚ್ಚು, ಭಾರತದವರದು 2. ಆದರೆ ದೇಶದ ಸರಾಸರಿ ಹಿಡಿದುಕೊಂಡು ಸುಮ್ನೆ ಕೂರುವ ಹಾಗೂ ಇಲ್ಲ. 2 ಟನ್ ಸರಾಸರಿಯ ದೇಶದಲ್ಲೂ ಹತ್ತಾರು ಟನ್ ಸುಡುವ ಮನೆಗಳಿವೆ, ಬಡವರ ಕಡಿಮೆ ಲೆಕ್ಕದ ಹಿಂದೆ ಅವು ಅಡಗಿರುತ್ತವೆ.

ಪ್ರವಾಹ, ಬರ, ಸೆಕೆ ಬಂದಾಗ ಮೊದಲು ಪೆಟ್ಟು ತಿನ್ನುವವರು ಇದೇ ಕೆಳಗಿನ ಅರ್ಧದವರು. ಬಿಸಿಲಿನಲ್ಲಿ ಕೂಲಿ ಮಾಡುವವರು, ತಗಡಿನ ಮನೆಯಲ್ಲಿ ಮಲಗುವವರು, ನದಿ ದಡದಲ್ಲಿ ಗುಡಿಸಲು ಹಾಕಿಕೊಂಡವರು. ನನಗೆ ಇದು ಪರಿಸರದ ಪ್ರಶ್ನೆಗಿಂತ ಮೊದಲು ನ್ಯಾಯದ ಪ್ರಶ್ನೆ.

ಇದೆಲ್ಲ ಗೊತ್ತಿಲ್ಲದೆ ಆಯಿತೇ? ಇಲ್ಲ. 1970ರ ದಶಕದ ಕೊನೆಯಲ್ಲೇ ಎಕ್ಸಾನ್ ತೈಲ ಕಂಪನಿಯ ಸ್ವಂತ ವಿಜ್ಞಾನಿಗಳು ಭೂಮಿ ಎಷ್ಟು ಬಿಸಿಯಾಗಬಹುದು ಎಂದು ಅಂದಾಜು ಕಟ್ಟುತ್ತಿದ್ದರು. ಆ ಹಳೆಯ ಅಂದಾಜುಗಳನ್ನು 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ ಪರೀಕ್ಷಿಸಿತು. ದಶಕಕ್ಕೆ ಸುಮಾರು 0.2 ಡಿಗ್ರಿ ಎಂದು ಅವರು ಹೇಳಿದ್ದು ನಿಜಕ್ಕೂ ನಡೆದದ್ದಕ್ಕೆ ಹತ್ತಿರ ಇತ್ತು. ಒಳಗೆ ಇಷ್ಟು ಸರಿಯಾಗಿ ಗೊತ್ತಿದ್ದರೂ ಕಂಪನಿ ಹೊರಗೆ ಜನರ ಮುಂದೆ ಅನುಮಾನವನ್ನೇ ಬಿತ್ತಿತು. 1988ರಲ್ಲಿ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ಅಮೆರಿಕದ ಸೆನೆಟ್ ಮುಂದೆ ಭೂಮಿ ಬಿಸಿಯಾಗುತ್ತಿದೆ ಎಂದು ಸ್ಪಷ್ಟವಾಗಿ ಹೇಳಿದರು. ಮರುವರ್ಷವೇ ತೈಲ, ಕಲ್ಲಿದ್ದಲು, ಕಾರು ಕಂಪನಿಗಳು ಗ್ಲೋಬಲ್ ಕ್ಲೈಮೇಟ್ ಕೊಯಲಿಷನ್ ಎಂಬ ಒಕ್ಕೂಟ ಕಟ್ಟಿ ಕಾನೂನುಗಳಿಗೆ ಅಡ್ಡ ನಿಂತವು. ಇದುವರೆಗಿನ ಇಂಧನ ಕಾರ್ಬನ್‌ನಲ್ಲಿ ಸುಮಾರು ಅರ್ಧ 1990ರ ನಂತರದ್ದು. ಗೊತ್ತಾದ ಮೇಲೆ ಸುಟ್ಟಿದ್ದು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ.

ನಂತರ ಇನ್ನೊಂದು ತಿರುವು. 2004ರಲ್ಲಿ ಬಿಪಿ ಎಂಬ ತೈಲ ಕಂಪನಿ ಜನರಿಗೆ ತಮ್ಮ ತಮ್ಮ ಕಾರ್ಬನ್ ಹೆಜ್ಜೆಗುರುತು, ಅಂದರೆ ತಮ್ಮ ಬದುಕಿನಿಂದ ಹೊರಬೀಳುವ ಕಾರ್ಬನ್, ಎಷ್ಟೆಂದು ಲೆಕ್ಕ ಹಾಕಿಕೊಳ್ಳುವ ಕ್ಯಾಲ್ಕುಲೇಟರ್ ಕೊಟ್ಟಿತು, ದೊಡ್ಡ ಜಾಹೀರಾತು ಮಾಡಿತು. ಆ ಲೆಕ್ಕ ಸುಳ್ಳಲ್ಲ, ಕೆಲವೊಮ್ಮೆ ಉಪಯುಕ್ತವೂ ಹೌದು. ಆದರೆ ತೈಲ ತೆಗೆದು ಮಾರುವವರು ಕೊಳ್ಳುವವರ ಕೈಗೆ ತಕ್ಕಡಿ ಕೊಟ್ಟು 'ನಿನ್ನ ತಪ್ಪು ತೂಗು' ಅಂದಾಗ ತಕ್ಕಡಿಯ ಹಿಂದೆ ನಿಂತವರು ಯಾರಿಗೂ ಕಾಣುವುದಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ ನಾವು ಯಾಕೆ ಸುಮ್ಮನಿರುತ್ತೇವೆ? ಇದಕ್ಕೆ ನಾರ್ವೆಯ ಒಂದು ಊರಿನ ಅಧ್ಯಯನ ಒಳ್ಳೆಯ ಉತ್ತರ ಕೊಡುತ್ತದೆ. 2000ದ ಕೊನೆಯಲ್ಲಿ ಅಲ್ಲಿ ಹಿಮ ತಡವಾಗಿ ಬಿತ್ತು, ಕೆರೆ ಹೆಪ್ಪುಗಟ್ಟಲಿಲ್ಲ, ಸ್ಕೀಯಿಂಗ್‌ಗೆ ಯಂತ್ರದಿಂದ ಹಿಮ ಮಾಡಬೇಕಾಯಿತು. ಅಲ್ಲಿಯೇ ಇದ್ದು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞೆ ಕಂಡದ್ದೇನೆಂದರೆ ಜನರಿಗೆ ಕಾರಣ ಗೊತ್ತಿತ್ತು, ಕಳವಳವೂ ಇತ್ತು. ಆದರೂ ದಿನನಿತ್ಯದ ಮಾತಿನಲ್ಲಿ, ಊರಿನ ಸಭೆಗಳಲ್ಲಿ ಆ ವಿಷಯವೇ ಬರುತ್ತಿರಲಿಲ್ಲ. ಭಯ, ತಪ್ಪಿತಸ್ಥ ಭಾವನೆ, ಏನೂ ಮಾಡಲಾಗದ ಅಸಹಾಯಕತೆ ಇವೆಲ್ಲ ಬರುವ ಮಾತು ತೆಗೆಯದಿರುವುದೇ ಅಲ್ಲಿ ಮರ್ಯಾದೆಯಾಗಿತ್ತು. ಆ ಮೌನವನ್ನು ಎಲ್ಲರೂ ಸೇರಿ, ಯಾರೂ ಹೇಳಿಕೊಡದೆ, ಕಾಪಾಡುತ್ತಿದ್ದರು.

ಈ ಮೌನಕ್ಕೆ ಇನ್ನೊಂದು ಮುಖ ಇದೆ. 2024ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ 125 ದೇಶಗಳ ಸುಮಾರು 1,30,000 ಜನರನ್ನು ಕೇಳಿದರು: ಹವಾಮಾನಕ್ಕಾಗಿ ನಿಮ್ಮ ತಿಂಗಳ ಆದಾಯದಲ್ಲಿ ಶೇ. 1 ಕೊಡುತ್ತೀರಾ? ಶೇ. 69 ಜನ ಹೂಂ ಅಂದರು. ನಿಮ್ಮ ದೇಶದಲ್ಲಿ ಬೇರೆಯವರು ಎಷ್ಟು ಜನ ಕೊಡಬಹುದು ಎಂದು ಕೇಳಿದಾಗ ಬಂದ ಸರಾಸರಿ ಊಹೆ ಶೇ. 43. ಸರ್ಕಾರ ಇನ್ನೂ ಹೆಚ್ಚು ಮಾಡಬೇಕು ಎಂದವರು ಶೇ. 89. ಅಂದರೆ ಹೆಚ್ಚಿನವರು 'ನನಗೊಬ್ಬನಿಗೇ ಈ ಚಿಂತೆ' ಅಂದುಕೊಂಡು ಬಾಯಿ ಮುಚ್ಚಿ ಕೂತಿದ್ದಾರೆ. ಪಕ್ಕದವರೂ ಹಾಗೆಯೇ ಕೂತಿದ್ದಾರೆ.

ಸರಿ, ನಾವೇನು ಮಾಡಬೇಕು?

ಮೊದಲು ಗಾತ್ರ ತಿಳಿಯಬೇಕು. ಶ್ರೀಮಂತ ದೇಶಗಳ ಬದುಕನ್ನು ಇಟ್ಟುಕೊಂಡು 2017ರಲ್ಲಿ ಬಂದ ಒಂದು ಅಧ್ಯಯನದ ಲೆಕ್ಕ ನೋಡಿ. ಕಾರಿಲ್ಲದೆ ಬದುಕಿದರೆ ವರ್ಷಕ್ಕೆ ಸುಮಾರು 2.4 ಟನ್ ಉಳಿಯುತ್ತದೆ. ಅಟ್ಲಾಂಟಿಕ್ ಸಾಗರ ದಾಟುವ ಒಂದೇ ಒಂದು ವಿಮಾನ ಪ್ರಯಾಣ ಬಿಟ್ಟರೆ, ಹೋಗಿಬರುವುದು ಸೇರಿ, 1.6 ಟನ್. ಸಸ್ಯಾಹಾರಕ್ಕೆ, ಅದೂ ಹಾಲು ಮೊಟ್ಟೆ ಇಲ್ಲದ್ದಕ್ಕೆ, ಬದಲಾದರೆ 0.8 ಟನ್. ಕಸ ಬೇರ್ಪಡಿಸಿ ಮರುಬಳಕೆಗೆ ಕೊಡುವುದು ಇವುಗಳ ಪಕ್ಕದಲ್ಲಿ ಬಹಳ ಚಿಕ್ಕದು. ಆಶ್ಚರ್ಯ ಅಂದರೆ ಶಾಲಾ ಪುಸ್ತಕಗಳು ಮತ್ತು ಸರ್ಕಾರಿ ಸಲಹೆಗಳು ಹೆಚ್ಚಾಗಿ ಹೇಳುವುದು ಆ ಚಿಕ್ಕದನ್ನೇ. ಚಿಕ್ಕ ಕೆಲಸ ಬಿಡಿ ಅಂತ ನಾನು ಹೇಳುತ್ತಿಲ್ಲ. ಬಟ್ಟೆ ಚೀಲ ಹಿಡಿದ ಸಮಾಧಾನದಲ್ಲಿ ವರ್ಷಕ್ಕೆ ನಾಲ್ಕು ವಿದೇಶ ಪ್ರವಾಸ ಮಾಡಿದರೆ ಲೆಕ್ಕ ತಾಳೆಯಾಗುವುದಿಲ್ಲ ಅಂತ ಹೇಳುತ್ತಿದ್ದೇನೆ.

ಮತ್ತೆ ಇದು ಎಲ್ಲರಿಗೂ ಸಮನಾಗಿ ಹೇಳುವ ಮಾತಲ್ಲ. ಬಸ್ಸಿನಲ್ಲೇ ಓಡಾಡುವವರು, ಒಂದೇ ಫ್ಯಾನಿನಲ್ಲಿ ಬೇಸಿಗೆ ಕಳೆಯುವವರು ಇನ್ನೇನನ್ನು ಬಿಡಬೇಕು? ಅವರಿಗೆ ವಿದ್ಯುತ್, ಗಟ್ಟಿ ಮನೆ, ತಂಪು ಇನ್ನೂ ಸಿಗಬೇಕಾಗಿದೆ. ಬಿಡುವ ಪ್ರಶ್ನೆ ಇರುವುದು ಬಿಡಲು ಏನಾದರೂ ಇರುವವರಿಗೆ.

ಒಬ್ಬರು ಉಳಿಸಿದ 2 ಟನ್‌ನಿಂದ ಜಗತ್ತಿನ ತಾಪ ಇಳಿಯುತ್ತದಾ? ಇಳಿಯಲ್ಲ. ಆದರೆ ಆ 2 ಟನ್ ಅಲ್ಲಿಗೇ ನಿಲ್ಲುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮನೆ ಮೇಲಿನ ಸೌರ ಫಲಕಗಳ ಬಗ್ಗೆ ಅಧ್ಯಯನ ಮಾಡಿದವರಿಗೆ ಕಂಡದ್ದು, ಒಂದು ಬಡಾವಣೆಯಲ್ಲಿ ಕೆಲವರು ಹಾಕಿಸಿದರೆ ಅಕ್ಕಪಕ್ಕದವರು ಹಾಕಿಸುವ ಸಾಧ್ಯತೆ ಜಾಸ್ತಿಯಾಗುತ್ತದೆ. ಜಾಹೀರಾತು ಹೇಳಿದ್ದಕ್ಕಿಂತ ಪಕ್ಕದ ಮನೆಯವರು ಮಾಡಿದ್ದನ್ನು ನಾವು ನಂಬುತ್ತೇವೆ.

ಇದು ಕಾನೂನಿನವರೆಗೂ ಹೋಗಬಹುದು. ಓಝೋನ್ ಕಥೆ ನೋಡಿ. 1974ರಲ್ಲಿ ಮಾರಿಯೋ ಮೊಲಿನಾ ಮತ್ತು ಶೆರ್‌ವುಡ್ ರೋಲ್ಯಾಂಡ್ ಎಂಬ ವಿಜ್ಞಾನಿಗಳು ಸ್ಪ್ರೇ ಡಬ್ಬಿ, ಫ್ರಿಜ್ಜುಗಳಲ್ಲಿ ಬಳಸುವ ಸಿಎಫ್‌ಸಿ ಅನಿಲ ಓಝೋನ್ ಪದರವನ್ನು ತಿನ್ನಬಹುದು ಎಂದು ಎಚ್ಚರಿಸಿದರು. ಅಮೆರಿಕದಲ್ಲಿ ಬಹಳ ಜನ ತಾವಾಗಿಯೇ ಆ ಡಬ್ಬಿ ಕೊಳ್ಳುವುದನ್ನು ಬಿಟ್ಟರು, ಮಾರಾಟ ಬಿತ್ತು, ಪತ್ರಗಳು ಹೋದವು. 1978ರಲ್ಲಿ ಹೆಚ್ಚಿನ ಸಿಎಫ್‌ಸಿ ಸ್ಪ್ರೇಗಳಿಗೆ ಅಲ್ಲಿ ನಿಷೇಧ ಬಂತು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ರಂಧ್ರ ಪತ್ತೆಯಾಯಿತು, 1987ರಲ್ಲಿ ಇಂಥ ಅನಿಲಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದ ಆಯಿತು, ಈಗ ಜಗತ್ತಿನ ಎಲ್ಲ ದೇಶಗಳೂ ಅದರಲ್ಲಿವೆ, ಪದರ ನಿಧಾನವಾಗಿ ಸುಧಾರಿಸುತ್ತಿದೆ. ಇವತ್ತು ಫ್ರಿಜ್ಜು ಕೊಳ್ಳುವವರು ಯಾರೂ ಓಝೋನ್ ಬಗ್ಗೆ ಯೋಚಿಸಬೇಕಾಗಿಲ್ಲ. ಹಾನಿ ಮಾಡುವ ಫ್ರಿಜ್ಜೇ ಅಂಗಡಿಗೆ ಬರುವುದಿಲ್ಲ. ಡಬ್ಬಿ ಬಿಟ್ಟವರು ಅದನ್ನು ಬರೀ ತಮ್ಮ ಮನೆಯ ಶುದ್ಧಿಗೆ ಬಿಟ್ಟು ಸುಮ್ಮನಾಗಿದ್ದರೆ ಇಷ್ಟಾಗುತ್ತಿರಲಿಲ್ಲ. ಅವರು ಬಿಟ್ಟಿದ್ದಲ್ಲದೆ ಕಾನೂನು ಬೇಕೆಂದೂ ಕೇಳಿದರು. ಕಾರ್ಬನ್ ಇದಕ್ಕಿಂತ ಎಷ್ಟೋ ಕಷ್ಟ, ಅದು ಒಂದೆರಡು ವಸ್ತುವಿನಲ್ಲಿ ಇಲ್ಲ, ಎಲ್ಲದರಲ್ಲೂ ಇದೆ. ಆದರೂ ದಾರಿ ಇದೇ ಥರ ಇರುತ್ತದೆ. ಸೌರ ವಿದ್ಯುತ್ತನ್ನೇ ತೆಗೆದುಕೊಳ್ಳಿ: 2000ದಲ್ಲಿ ಜರ್ಮನಿ ತಂದ ಕಾನೂನು ಅದಕ್ಕೆ ಖಚಿತ ದರ ಕೊಟ್ಟಿತು, ಬೇಡಿಕೆ ಹುಟ್ಟಿತು, ಚೀನಾ ದೊಡ್ಡ ಪ್ರಮಾಣದಲ್ಲಿ ತಯಾರಿಸಿತು, 2010ರಿಂದ 2020ರೊಳಗೆ ವೆಚ್ಚ ಸುಮಾರು ಶೇ. 85 ಬಿತ್ತು.

ಹಾಗಾಗಿ ನಿಮ್ಮನ್ನು ನೀವು ಬರೀ ಕೊಳ್ಳುವವರು ಎಂದುಕೊಳ್ಳಬೇಡಿ. ನೀವು ಕೆಲಸ ಮಾಡುವ ಜಾಗದಲ್ಲಿ ನಿಮ್ಮ ಮಾತಿಗೆ ಮನೆಯಲ್ಲಿ ಆರಿಸಿದ ದೀಪಕ್ಕಿಂತ ನೂರು ಪಟ್ಟು ತೂಕ ಇರಬಹುದು. ಕಟ್ಟಡದ ಎಂಜಿನಿಯರ್ ಒಬ್ಬರು ನಕ್ಷೆಯಲ್ಲಿ ಕಿಟಕಿಯ ದಿಕ್ಕು, ಚಾವಣಿಯ ನೆರಳು ಸರಿಮಾಡಿದರೆ ಆ ಕಟ್ಟಡಕ್ಕೆ ಐವತ್ತು ವರ್ಷ ಎಸಿ ಖರ್ಚು ಇಳಿಯುತ್ತದೆ. ಆಸ್ಪತ್ರೆಗೋ ಕಾಲೇಜಿಗೋ ಸಾಮಾನು ಖರೀದಿಸುವ ಗುಮಾಸ್ತರು ರಿಪೇರಿಯಾಗುವ ವಸ್ತುವನ್ನೇ ತರಿಸಬೇಕೆಂದು ಟೆಂಡರಿನಲ್ಲಿ ಒಂದು ಸಾಲು ಸೇರಿಸಬಹುದು. 'ಈ ಸಭೆಗೆ ವಿಮಾನದಲ್ಲೇ ಹೋಗಬೇಕಾ, ವಿಡಿಯೋ ಕರೆ ಸಾಕಲ್ವಾ' ಎಂದು ಕೇಳುವ ಒಬ್ಬರು ಪ್ರತಿ ಕಚೇರಿಯಲ್ಲೂ ಬೇಕು. ಉಳಿತಾಯದ ಹಣ, ಪಿಂಚಣಿ ನಿಧಿ ಯಾವ ಸ್ಥಾವರಕ್ಕೆ ಸಾಲವಾಗಿ ಹೋಗುತ್ತಿದೆ ಎಂದು ಕೇಳುವುದೂ ನಮ್ಮ ಹಕ್ಕು. ವೋಟು ಕೇಳಲು ಬಂದವರ ಹತ್ತಿರ ಬಸ್ಸು, ಕಾಲುದಾರಿ, ಕೆರೆ, ಮರದ ಬಗ್ಗೆ ಹೆಸರು ಹಿಡಿದು ಕೇಳಿ. ಸುಮ್ನೆ 'ಪರಿಸರ ಉಳಿಸಿ' ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ 2022ರ ವರದಿಯಲ್ಲಿ ಹೇಳಿದ್ದೂ ಇದನ್ನೇ: ಬೇಡಿಕೆಯ ಕಡೆಯಿಂದ 2050ರ ಹೊತ್ತಿಗೆ ಶೇ. 40ರಿಂದ 70ರಷ್ಟು ಹೊಗೆ ಇಳಿಸಬಹುದು, ಆದರೆ ಅದಕ್ಕೆ ಸರಿಯಾದ ನೀತಿ, ರಸ್ತೆ, ಸಾರಿಗೆ, ತಂತ್ರಜ್ಞಾನ ಇರಬೇಕು. ಒಳ್ಳೆಯದನ್ನು ಆರಿಸುವುದು ಸುಲಭವಾಗುವ ಹಾಗೆ ಜಗತ್ತನ್ನು ಕಟ್ಟಿದರೆ ಜನ ಆರಿಸುತ್ತಾರೆ.

ಚಿಂತೆಯ ಬಗ್ಗೆಯೂ ಒಂದು ಮಾತು. 2021ರಲ್ಲಿ ಹತ್ತು ದೇಶಗಳ 10,000 ಯುವಜನರನ್ನು ಕೇಳಿದ ಸಮೀಕ್ಷೆಯಲ್ಲಿ ಶೇ. 59 ಮಂದಿ ಹವಾಮಾನದ ಬಗ್ಗೆ ತುಂಬಾ ಅಥವಾ ವಿಪರೀತ ಚಿಂತೆ ಇದೆ ಎಂದರು. ಶೇ. 45ಕ್ಕೂ ಹೆಚ್ಚು ಮಂದಿ ಅದು ದಿನನಿತ್ಯದ ಬದುಕಿಗೇ ತೊಂದರೆ ಕೊಡುತ್ತಿದೆ ಎಂದರು. ಮಕ್ಕಳು ಹೀಗೆ ಹೇಳಿದಾಗ 'ಅಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡ' ಎಂದು ಬಾಯಿ ಮುಚ್ಚಿಸಬೇಡಿ. ಆ ಭಯಕ್ಕೆ ಕಾರಣ ಇದೆ. ಜೊತೆಗೆ ಕೂತು, ಕೈಯಲ್ಲಾಗುವ ಒಂದು ಕೆಲಸ ಗುರುತಿಸಿ, ನಾಲ್ಕು ಜನರ ಜೊತೆ ಸೇರಿ ಮಾಡಿದರೆ ಭಾರ ಹಂಚಿಹೋಗುತ್ತದೆ.

ಹೊಗೆ ಇಳಿಸುವುದರ ಜೊತೆಗೆ ಈಗಾಗಲೇ ಬಂದಿರುವ ಬಿಸಿಯಲ್ಲಿ ಒಬ್ಬರನ್ನೊಬ್ಬರು ಉಳಿಸಿಕೊಳ್ಳುವ ಕೆಲಸವೂ ಇದೆ. 2024 ಕೈಗಾರಿಕೆಗಳಿಗೆ ಮುಂಚಿನ ಕಾಲಕ್ಕಿಂತ ಸುಮಾರು 1.5 ಡಿಗ್ರಿ ಜಾಸ್ತಿ ಇದ್ದ ವರ್ಷ. 1995ರ ಜುಲೈಯಲ್ಲಿ ಅಮೆರಿಕದ ಶಿಕಾಗೋದಲ್ಲಿ ಕೆಲವೇ ದಿನಗಳ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ವಯಸ್ಸಾದವರು, ಒಂಟಿಯಾಗಿದ್ದವರು, ಬಡವರು. ಅಲ್ಲಿ ಅಕ್ಕಪಕ್ಕದ ಎರಡು ಬಡಾವಣೆಗಳನ್ನು ಹೋಲಿಸಿದಾಗ ಒಂದು ವಿಷಯ ಕಂಡಿತು. ಎರಡರಲ್ಲೂ ಬಡತನ ಇತ್ತು, ಬಿಸಿಲೂ ಒಂದೇ. ಅಂಗಡಿ, ಬೀದಿ ಓಡಾಟ, ನೆರೆಹೊರೆಯ ಒಡನಾಟ ಇದ್ದ ಕಡೆ ಸಾವು ಬಹಳ ಕಡಿಮೆ. ಮನೆಗಳು ಖಾಲಿಯಾಗಿ, ಜನ ಹೆದರಿ ಬಾಗಿಲು ಹಾಕಿಕೊಂಡಿದ್ದ ಕಡೆ ಜಾಸ್ತಿ. 1999ರಲ್ಲಿ ಮತ್ತೆ ಬಿಸಿಗಾಳಿ ಬಂದಾಗ ನಗರದವರು ವೃದ್ಧರಿಗೆ ಫೋನ್ ಮಾಡಿದರು, ಮನೆಗೆ ಹೋಗಿ ನೋಡಿದರು. ಸಾವಿನ ಸಂಖ್ಯೆ ತುಂಬಾ ಇಳಿಯಿತು.

ಇದಕ್ಕೆ ಕಾನೂನು ಬರುವವರೆಗೂ ಕಾಯಬೇಕಾಗಿಲ್ಲ. ನಿಮ್ಮ ಬೀದಿಯಲ್ಲಿ ಒಂಟಿಯಾಗಿರುವ ಹಿರಿಯರು ಯಾರು, ಅವರ ಫೋನ್ ನಂಬರ್ ಯಾರ ಹತ್ತಿರ ಇದೆ ಎಂದು ಬೇಸಿಗೆಗೆ ಮುಂಚೆಯೇ ತಿಳಿದಿಟ್ಟುಕೊಳ್ಳಿ. ಬಿಸಿಗಾಳಿಯ ಎಚ್ಚರಿಕೆ ಬಂದ ದಿನ ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಹೋಗಿ ಮಾತಾಡಿಸಿ, ಯಾಕೆಂದರೆ ಗೋಡೆಗಳು ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ಬಿಡುತ್ತವೆ. ನೀರು ಕುಡಿಯುತ್ತಿದ್ದಾರಾ, ಮನೆಯಲ್ಲಿ ಗಾಳಿ ಆಡುತ್ತಿದೆಯಾ ನೋಡಿ. ಮಾತು ತೊದಲುತ್ತಿದ್ದರೆ, ಗೊಂದಲದಲ್ಲಿದ್ದರೆ, ಮೈ ಸುಡುತ್ತಿದ್ದರೆ ಅದು ಸುಸ್ತು ಎಂದು ಬಿಡಬೇಡಿ. ತಕ್ಷಣ ಆಂಬುಲೆನ್ಸ್ ಕರೆಸಿ. ಅದು ಬರುವವರೆಗೆ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಯೆಲ್ಲ ತಣ್ಣೀರಿನಲ್ಲಿ ನೆನೆಸಿ, ಜೋರಾಗಿ ಗಾಳಿ ಬೀಸಿ. ಆದರೆ ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.